ಸ್ಕ್ಯಾನಿನಲ್ಲಿ ಕಾಣದ್ದು

ಬೆನ್ನುನೋವಿಗೆ ನಾಲ್ಕಾರು ಡಾಕ್ಟರರನ್ನು ಕಂಡು ಬಂದವರ ಮನೆಯಲ್ಲಿ ಒಂದು ದೊಡ್ಡ ಕವರ್ ಇದ್ದೇ ಇರುತ್ತದೆ. ಮಡಿಕೆ ಬೀಳದಂತೆ ಬೀರುವಿನ ಮೇಲೆ ಇಟ್ಟಿರುತ್ತಾರೆ. ಒಳಗೆ ಎಂಆರ್‌ಐ ಫಿಲ್ಮುಗಳು, ಜೊತೆಗೆ ಒಂದು ರಿಪೋರ್ಟು. ‘ಎಲ್4-ಎಲ್5 ಡಿಸ್ಕ್ ಬಲ್ಜ್’, ‘ಡಿಸ್ಕ್ ಡೀಜನರೇಶನ್’, ‘ನರ್ವ್ ರೂಟ್ ಕಂಪ್ರೆಷನ್’. ಈ ಮಾತುಗಳನ್ನು ಓದಿದ ದಿನದಿಂದ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ಬಗ್ಗಲು ಹೆದರಿಕೆ, ಬಿಂದಿಗೆ ಎತ್ತಲು ಹೆದರಿಕೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಲು ಹೆದರಿಕೆ. ಮನೆಯವರೆಲ್ಲ ಸೇರಿ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಆಪರೇಷನ್ ಮಾಡಿಸಬೇಕೆ, ಬೇಡವೆ?

ಆ ಕವರನ್ನು ಬಿಚ್ಚುವ ಮೊದಲು, ನೋವೇ ಇಲ್ಲದವರ ಸ್ಕ್ಯಾನ್ ಹೇಗಿರುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವಿಲ್ಲದ 98 ಜನರ ಸೊಂಟದ ಎಂಆರ್‌ಐ ತೆಗೆದರು. ನೋವಿರುವ 27 ಜನರ ಸ್ಕ್ಯಾನುಗಳನ್ನೂ ಅವುಗಳೊಂದಿಗೆ ಬೆರೆಸಿ, ಯಾವುದು ಯಾರದೆಂದು ಹೇಳದೆ ಇಬ್ಬರು ತಜ್ಞರ ಮುಂದಿಟ್ಟರು. ನೋವಿಲ್ಲದವರಲ್ಲಿ ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದದ್ದು ಶೇ. 36 ಮಂದಿಗೆ ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 3,110 ಜನರ ಲೆಕ್ಕ ಹಾಕಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ಯಾವ ನೋವೂ ಇಲ್ಲದ 20 ವರ್ಷದವರಲ್ಲೇ ಶೇ. 37 ಮಂದಿಯ ಡಿಸ್ಕ್ ಸವೆದಿತ್ತು. 80 ವರ್ಷದವರಲ್ಲಿ ಅದು ಶೇ. 96. ಡಿಸ್ಕ್ ಉಬ್ಬಿದವರ ಪ್ರಮಾಣ 20ರ ವಯಸ್ಸಿನಲ್ಲಿ ಶೇ. 30, 80ರಲ್ಲಿ ಶೇ. 84. ತಲೆಕೂದಲು ನರೆಯುವುದಕ್ಕೆ ಯಾರೂ ಶಸ್ತ್ರಚಿಕಿತ್ಸೆ ಮಾಡಿಸುವುದಿಲ್ಲ. ಡಿಸ್ಕ್ ನರೆತದ್ದನ್ನು ಮಾತ್ರ ನಾವು ಕಾಯಿಲೆ ಎಂದುಕೊಂಡು ಮನೆಗೆ ಬರುತ್ತೇವೆ.

ಸ್ಕ್ಯಾನ್ ಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ರೋಗಿಯ ಮಾತು ಕೇಳಿ, ಕಾಲೆತ್ತಿಸಿ, ಹೆಬ್ಬೆರಳಿನ ಬಲ ನೋಡಿ, ಎಲ್ಲಿ ಜೋಮು ಹಿಡಿದಿದೆ ಎಂದು ಮುಟ್ಟಿ ಪರೀಕ್ಷಿಸಿದ ವೈದ್ಯರಿಗೆ ಯಾವ ನರಕ್ಕೆ ಪೆಟ್ಟಾಗಿದೆ ಎಂಬ ಅಂದಾಜು ಮೊದಲೇ ಸಿಕ್ಕಿರುತ್ತದೆ. ಅದೇ ನರವನ್ನು ಅದೇ ಜಾಗದಲ್ಲಿ ಡಿಸ್ಕ್ ಒತ್ತುತ್ತಿರುವುದು ಸ್ಕ್ಯಾನಿನಲ್ಲಿಯೂ ಕಂಡರೆ ಎರಡೂ ತಾಳೆಯಾದಂತೆ. ತಾಳೆಯಾಗದಿದ್ದರೆ, ಸ್ಕ್ಯಾನಿನಲ್ಲಿ ಎಷ್ಟೇ ದೊಡ್ಡ ಉಬ್ಬು ಕಂಡರೂ ಅದು ನೋವಿನ ಮೂಲ ಆಗಿರಬೇಕಾಗಿಲ್ಲ.

ನರವನ್ನು ಒತ್ತುವುದು ಡಿಸ್ಕ್ ಎಂಬುದು ಸ್ಪಷ್ಟವಾದದ್ದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. ಸೊಂಟದಿಂದ ಪೃಷ್ಠ, ತೊಡೆ, ಮೀನಖಂಡದ ಮೂಲಕ ಪಾದದವರೆಗೆ ಇಳಿಯುವ ಸಯಾಟಿಕಾ ನೋವನ್ನು ಮನುಷ್ಯರು ಸಾವಿರಾರು ವರ್ಷಗಳಿಂದ ಬಲ್ಲರು. ಕಾರಣ ಮಾತ್ರ ತಿಳಿದಿರಲಿಲ್ಲ. ಅಪರೂಪಕ್ಕೆ ಬೆನ್ನು ತೆರೆದಾಗ ನರಕ್ಕೆ ಒತ್ತಿಕೊಂಡ ಮೃದು ಗಂಟು ಕಂಡರೆ ಅದನ್ನು ಟ್ಯೂಮರ್ ಎಂದು ಬರೆದಿಡುತ್ತಿದ್ದರು. ನರಶಸ್ತ್ರಚಿಕಿತ್ಸಕ ವಿಲಿಯಂ ಜೇಸನ್ ಮಿಕ್ಸ್ಟರ್ ಮತ್ತು ಮೂಳೆತಜ್ಞ ಜೋಸೆಫ್ ಬಾರ್ 1932ರಲ್ಲಿ ಒಬ್ಬ ಯುವಕನ ಬೆನ್ನಿನಿಂದ ತೆಗೆದ ಅಂಥ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತ ಡಿಸ್ಕ್ ಜೊತೆ ಇಟ್ಟು ನೋಡಿದರು. ಎರಡೂ ಒಂದೇ ಆಗಿದ್ದವು. ಆಸ್ಪತ್ರೆಯ ದಾಸ್ತಾನಿನಲ್ಲಿ ಟ್ಯೂಮರ್ ಎಂಬ ಚೀಟಿ ಅಂಟಿಸಿಕೊಂಡು ಕೂತಿದ್ದ ಹಳೆಯ ಮಾದರಿಗಳನ್ನೂ ತೆಗೆದು ನೋಡಿದರು. ಹಲವು ಬರಿಯ ಡಿಸ್ಕ್ ತುಣುಕುಗಳಾಗಿದ್ದವು. 1934ರಲ್ಲಿ 19 ರೋಗಿಗಳ ವಿವರದೊಂದಿಗೆ ಅವರು ಪ್ರಕಟಿಸಿದ ಲೇಖನದಿಂದ ಇಂದಿನ ಡಿಸ್ಕ್ ಶಸ್ತ್ರಚಿಕಿತ್ಸೆ ಹುಟ್ಟಿತು.

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಡಿಸ್ಕ್‌ಗಳು 23. ಹೊರಗೆ ಪದರ ಪದರವಾದ ಗಟ್ಟಿ ನಾರು, ಒಳಗೆ ನೀರು ತುಂಬಿದ ಮೆತ್ತನೆಯ ತಿರುಳು. ಕಡುಬಿನ ಅಂಚು ಬಿಚ್ಚಿ ಹೂರಣ ಈಚೆ ಬಂದಂತೆ, ನಾರಿನ ಪದರ ಸೀಳಿದಾಗ ತಿರುಳು ಹಿಂದಕ್ಕೆ ನುಗ್ಗಿ ಪಕ್ಕದಲ್ಲಿ ಹಾದುಹೋಗುವ ನರವನ್ನು ಒತ್ತುತ್ತದೆ. ಒತ್ತುವುದಷ್ಟೇ ಅಲ್ಲ, ತಿರುಳಿನಲ್ಲಿರುವ ರಾಸಾಯನಿಕಗಳು ನರವನ್ನು ಕೆರಳಿಸಿ ಊತ ತರುತ್ತವೆ. ಆಗ ಏಳುವ ನೋವು ಬೆನ್ನಿಗಿಂತ ಕಾಲಿನಲ್ಲಿ ಹೆಚ್ಚು. ಕಾಲಿಗೆ ಕರೆಂಟ್ ಹೊಡೆದ ಹಾಗೆ ಎನ್ನುತ್ತಾರೆ ಅನುಭವಿಸಿದವರು. ಕೆಮ್ಮಿದರೆ, ಸೀನಿದರೆ ಜೀವ ಹೋಗುತ್ತದೆ.

ಈ ಅಧ್ಯಾಯದಲ್ಲಿ ಓದುಗರು ನೆನಪಿಟ್ಟುಕೊಳ್ಳಬೇಕಾದ ಒಂದು ಭೇದ ಇದ್ದರೆ ಅದು ಇದೇ. ಒತ್ತಿದ ನರದಿಂದ ಕಾಲಿಗಿಳಿಯುವ ನೋವು ಬೇರೆ, ಸೊಂಟದಲ್ಲೇ ಉಳಿಯುವ ನೋವು ಬೇರೆ. ಮೊದಲನೆಯದರಲ್ಲಿ ಶಸ್ತ್ರಚಿಕಿತ್ಸೆಯ ದಾಖಲೆ ಒಳ್ಳೆಯದು. ಎರಡನೆಯದರಲ್ಲಿ ಅಷ್ಟೊಂದು ಒಳ್ಳೆಯದಲ್ಲ.

ಮಿಕ್ಸ್ಟರ್ ಮತ್ತು ಬಾರ್ ಅವರ ನಂತರ ಐವತ್ತು ವರ್ಷ ಲಕ್ಷಾಂತರ ಜನರ ಡಿಸ್ಕ್ ತೆಗೆದರು, ಬಹುಪಾಲು ಜನ ಗುಣವಾದರು. ಗುಣವಾದದ್ದು ಆಪರೇಷನ್ನಿನಿಂದಲೋ ಅಥವಾ ದಿನ ಕಳೆದದ್ದರಿಂದಲೋ? ಇದನ್ನು ಕೇಳಲು ಧೈರ್ಯ ಬೇಕಿತ್ತು. ನಾರ್ವೆಯ ಓಸ್ಲೋದ ಹೆನ್ರಿಕ್ ವೆಬರ್ ಕೇಳಿದರು. ಡಿಸ್ಕ್ ಜಾರಿದ 280 ರೋಗಿಗಳಲ್ಲಿ 67 ಜನಕ್ಕೆ ಆಪರೇಷನ್ ಆಗಲೇಬೇಕೆಂಬುದು ಸ್ಪಷ್ಟವಿತ್ತು, ಅವರಿಗೆ ಮಾಡಿದರು. 87 ಜನ ತಾವಾಗಿಯೇ ಸುಧಾರಿಸುತ್ತಿದ್ದರು, ಅವರನ್ನು ಬಿಟ್ಟರು. ಉಳಿದ 126 ಜನರ ವಿಷಯದಲ್ಲಿ ಯಾವುದು ಸರಿಯೆಂದು ಹೇಳಲು ಸಾಧ್ಯವಿರಲಿಲ್ಲ. ಅವರಲ್ಲಿ ಯಾರಿಗೆ ಆಪರೇಷನ್, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಹತ್ತು ವರ್ಷ ಅವರನ್ನು ಬಿಡದೆ ಹಿಂಬಾಲಿಸಿದರು. 1983ರಲ್ಲಿ ಬಂದ ಫಲಿತಾಂಶ: ಒಂದು ವರ್ಷದ ಹೊತ್ತಿಗೆ ಆಪರೇಷನ್ ಆದವರು ಖಚಿತವಾಗಿ ಮುಂದಿದ್ದರು. ನಾಲ್ಕು ವರ್ಷಕ್ಕೆ ಅಂತರ ಕಿರಿದಾಗಿತ್ತು. ಹತ್ತು ವರ್ಷಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ಅಂತರ ಕರಗಲು ಕಾರಣ ದೇಹವೇ. ಹೊರಬಂದ ತಿರುಳನ್ನು ದೇಹ ಹೊರಗಿನ ವಸ್ತುವೆಂದು ಗುರುತಿಸುತ್ತದೆ. ಅದರ ಸುತ್ತ ಹೊಸ ರಕ್ತನಾಳಗಳು ಹುಟ್ಟುತ್ತವೆ, ಕಸ ತಿನ್ನುವ ಜೀವಕೋಶಗಳು ಬಂದು ತಿಂಗಳುಗಟ್ಟಲೆ ಅದನ್ನು ಸವೆಸುತ್ತವೆ. ಇದರಲ್ಲಿ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಸ್ಕ್ಯಾನಿನಲ್ಲಿ ಅತಿ ಭಯಾನಕವಾಗಿ ಕಾಣುವುದು ಡಿಸ್ಕ್‌ನಿಂದ ಪೂರ್ತಿ ಕಳಚಿಕೊಂಡು ಬಿದ್ದ ತುಣುಕು. ಹಲವು ಅಧ್ಯಯನಗಳನ್ನು ಸೇರಿಸಿ 2015ರಲ್ಲಿ ಮಾಡಿದ ಲೆಕ್ಕದಲ್ಲಿ ಅಂಥ ತುಣುಕುಗಳಲ್ಲಿ ಶೇ. 96ರಷ್ಟು ತಾವಾಗಿಯೇ ಕುಗ್ಗಿದ್ದವು. ಬರಿ ಉಬ್ಬಿದ ಡಿಸ್ಕ್‌ಗಳಲ್ಲಿ ಕುಗ್ಗಿದ್ದು ಶೇ. 13 ಮಾತ್ರ. ರಕ್ತ ಹರಿಯುವ ಜಾಗಕ್ಕೆ ಬಿದ್ದದ್ದನ್ನು ದೇಹ ತಿಂದುಹಾಕುತ್ತದೆ, ನಾರಿನೊಳಗೇ ಉಳಿದದ್ದಕ್ಕೆ ಅದರ ಕೈ ಎಟಕುವುದಿಲ್ಲ.

ವೆಬರ್ ಅಧ್ಯಯನ ಚಿಕ್ಕದು, ಒಂದೇ ಊರಿನದು. ಅಮೆರಿಕ ಸರ್ಕಾರ ಹಣ ಕೊಟ್ಟು ನಡೆಸಿದ ‘ಸ್ಪೋರ್ಟ್’ ಎಂಬ ಮಹಾ ಪ್ರಯೋಗ 2000ದಲ್ಲಿ ಶುರುವಾಯಿತು. ಡಾರ್ಟ್‌ಮತ್‌ನ ಜೇಮ್ಸ್ ವೈನ್‌ಸ್ಟೀನ್ ನಾಯಕತ್ವ, 11 ರಾಜ್ಯಗಳ 13 ಕೇಂದ್ರಗಳು. ಡಿಸ್ಕ್ ಜಾರಿದ 501 ಜನ ಚೀಟಿ ಎತ್ತಲು ಒಪ್ಪಿದರು. 743 ಜನ ಚೀಟಿ ಬೇಡ, ನಮ್ಮ ಆಯ್ಕೆ ನಾವೇ ಮಾಡಿಕೊಳ್ಳುತ್ತೇವೆ, ಬೇಕಾದರೆ ನಮ್ಮನ್ನು ಗಮನಿಸಿ ಎಂದರು. ಎಲ್ಲರೂ ಕಾದಿದ್ದ ತೀರ್ಪು ಇದರಿಂದ ಬರಬೇಕಿತ್ತು.

ಬಂದದ್ದು ಬೇರೆಯೇ ಪಾಠ. ಆಪರೇಷನ್ ಚೀಟಿ ಬಂದವರಲ್ಲಿ ಮೂರು ತಿಂಗಳೊಳಗೆ ಆಪರೇಷನ್ ಮಾಡಿಸಿಕೊಂಡವರು ಅರ್ಧದಷ್ಟು ಮಾತ್ರ. ಬೇಡ ಎಂಬ ಚೀಟಿ ಬಂದವರಲ್ಲಿ ಶೇ. 30 ಮಂದಿ ಅದೇ ಅವಧಿಯಲ್ಲಿ ಆಪರೇಷನ್ ಟೇಬಲ್ ಮೇಲಿದ್ದರು. ಎರಡು ವರ್ಷಕ್ಕೆ ಈ ಅಂಕಿಗಳು ಶೇ. 60 ಮತ್ತು ಶೇ. 45. ನೋವು ಕಡಿಮೆಯಾದವರು, ಹೇಗೂ ಗುಣವಾಗುತ್ತಿದೆಯಲ್ಲ ಎಂದು ಹಿಂದೆ ಸರಿದರು. ನೋವು ತಾಳಲಾರದವರು ಚೀಟಿಯನ್ನು ಬದಿಗಿಟ್ಟು ಸರ್ಜನ್ ಹತ್ತಿರ ಓಡಿದರು. ಅವರನ್ನು ತಪ್ಪೆನ್ನುವುದು ಹೇಗೆ? ರಾತ್ರಿಯಿಡೀ ಮಗ್ಗುಲು ಬದಲಿಸಲಾಗದೆ ಒದ್ದಾಡುವ ಮನುಷ್ಯ ವಿಜ್ಞಾನಕ್ಕಾಗಿ ಎಷ್ಟು ದಿನ ಕಾದಾನು? ಆದರೆ ಹೀಗೆ ಎರಡು ಗುಂಪುಗಳೂ ಬೆರೆತುಹೋದಾಗ ಹೋಲಿಕೆಯ ಬಲ ಕುಗ್ಗುತ್ತದೆ. 2006ರ ವರದಿಯಲ್ಲಿ, ಚೀಟಿಯ ಪ್ರಕಾರ ಎಣಿಸಿದಾಗ ಎರಡೂ ಗುಂಪು ಚೆನ್ನಾಗಿ ಸುಧಾರಿಸಿದ್ದವು, ಮುಖ್ಯ ಅಳತೆಗಳಲ್ಲಿ ಅಂತರ ಚಿಕ್ಕದಿತ್ತು. ನಿಜಕ್ಕೂ ಆಪರೇಷನ್ ಆದವರನ್ನು ಆಗದವರೊಂದಿಗೆ ಹೋಲಿಸಿದಾಗ ಆಪರೇಷನ್ ಆದವರೇ ಮುಂದಿದ್ದರು. ಶಸ್ತ್ರಚಿಕಿತ್ಸೆಯ ಪರ ಇದ್ದವರು ಎರಡನೆಯ ಲೆಕ್ಕ ಹಿಡಿದರು, ವಿರೋಧಿಗಳು ಮೊದಲನೆಯದನ್ನು. ನನಗೆ ಈ ಜಗಳಕ್ಕಿಂತ ದೊಡ್ಡದಾಗಿ ಕಾಣುವುದು, ಕಾದವರೂ ಹಾಳಾಗಲಿಲ್ಲ ಎಂಬುದು. ‘ಈಗ ಮಾಡಿಸದಿದ್ದರೆ ಕಾಲೇ ಹೋಗುತ್ತದೆ’ ಎಂಬ ಹೆದರಿಕೆ ಬಹುತೇಕ ರೋಗಿಗಳ ವಿಷಯದಲ್ಲಿ ಸುಳ್ಳೆಂದು ಈ ಪ್ರಯೋಗ ತೋರಿಸಿತು.

ಮರುವರ್ಷವೇ ನೆದರ್ಲೆಂಡ್ಸ್‌ನಿಂದ ಇನ್ನೂ ಚೊಕ್ಕವಾದ ಉತ್ತರ ಬಂತು. ವಿಲ್ಕೊ ಪೌಲ್ ಮತ್ತು ಸಂಗಡಿಗರು ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಜನರನ್ನು ತೆಗೆದುಕೊಂಡು, ಪ್ರಶ್ನೆಯನ್ನೇ ಬದಲಿಸಿದರು. ಬೇಕೋ ಬೇಡವೋ ಎಂದು ಕೇಳದೆ ಈಗಲೋ ಆಮೇಲೋ ಎಂದು ಕೇಳಿದರು. ಒಂದು ಗುಂಪಿಗೆ ಎರಡು ವಾರದ ಆಸುಪಾಸಿನಲ್ಲಿ ಆಪರೇಷನ್. ಇನ್ನೊಂದಕ್ಕೆ ಕಾಯುವುದು, ತಡೆಯಲಾಗದಿದ್ದರೆ ಆಗ ಆಪರೇಷನ್. ಕಾದವರಲ್ಲಿ ಶೇ. 39 ಮಂದಿಗೆ ಕೊನೆಗೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ಒಂದು ವರ್ಷದ ನಂತರ ಎರಡೂ ಗುಂಪಿನಲ್ಲಿ ಶೇ. 95 ಜನ ಗುಣವಾಗಿದ್ದರು. ವ್ಯತ್ಯಾಸ ಇದ್ದದ್ದು ದಾರಿಯಲ್ಲಿ: ಬೇಗ ಆಪರೇಷನ್ ಆದವರಲ್ಲಿ ಅರ್ಧ ಜನ ನಾಲ್ಕು ವಾರದಲ್ಲಿ ಚೇತರಿಸಿಕೊಂಡರೆ, ಕಾದವರಲ್ಲಿ ಅಷ್ಟು ಜನ ಚೇತರಿಸಿಕೊಳ್ಳಲು ಹನ್ನೆರಡು ವಾರ ಹಿಡಿಯಿತು.

ಎಂಟು ವಾರಗಳ ನೋವು. ಅದರ ಬೆಲೆಯನ್ನು ವಿಜ್ಞಾನಿ ಹೇಳಲಾರ. ಸಂಬಳದ ರಜೆ ಇರುವ ನೌಕರರಿಗೆ ಎಂಟು ವಾರ ಕಾಯಬಹುದು ಅನ್ನಿಸೀತು. ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಯಲ್ಲಿ ಅದೇ ಎಂಟು ವಾರ ಸಾಲವಾಗಿ ಕೂತುಬಿಡುತ್ತದೆ. ಆಪರೇಷನ್ನಿಗೂ ಸಾಲ ಬೇಕು. ಆದ್ದರಿಂದ ಈ ಅಂಕಿಗಳನ್ನು ರೋಗಿಯ ಮುಂದಿಟ್ಟು, ನಿಮ್ಮ ಬದುಕಿಗೆ ಯಾವುದು ಹೊಂದುತ್ತದೆ ಎಂದು ಕೇಳುವ ವೈದ್ಯರು ನಮಗೆ ಬೇಕು.

ಕಾಯುವುದಕ್ಕೂ ಒಂದು ಮಿತಿ ಇದೆ. ಕೆನಡಾದ ಒಂಟಾರಿಯೋದಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳು ಸಯಾಟಿಕಾ ಬಿಡದೆ ಕಾಡಿದ 128 ಜನರ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಹತ್ತಕ್ಕೆ ಎಂಟರ ಆಸುಪಾಸಿನಲ್ಲಿದ್ದ ಕಾಲುನೋವು ಆರು ತಿಂಗಳ ನಂತರ ಆಪರೇಷನ್ ಗುಂಪಿನಲ್ಲಿ 2.8ಕ್ಕೆ ಇಳಿದರೆ, ಇನ್ನೊಂದು ಗುಂಪಿನಲ್ಲಿ 5.2ರಲ್ಲಿ ನಿಂತಿತು. ಮೊದಲ ವಾರಗಳಲ್ಲಿ ಕಾಯುವುದು ವಿವೇಕ. ನಾಲ್ಕೈದು ತಿಂಗಳಾದರೂ ಕಾಲಿನ ನೋವು ಜಗ್ಗದಿದ್ದರೆ ಆಪರೇಷನ್ನಿಗೆ ಒಪ್ಪುವುದೂ ಅಷ್ಟೇ ವಿವೇಕ.

ಇನ್ನು ಸೊಂಟದಲ್ಲೇ ಕೂತ ನೋವಿನ ಕಥೆ. ಸವೆದ ಡಿಸ್ಕ್ ಅಲುಗಾಡುವುದರಿಂದಲೇ ನೋವು, ಹಾಗಾಗಿ ಎರಡು ಮಣಿಗಳನ್ನು ಸ್ಕ್ರೂ ರಾಡುಗಳಿಂದ ಬಿಗಿದು ಮೂಳೆ ಇಟ್ಟು ಬೆಸೆದುಬಿಟ್ಟರೆ ನೋವು ನಿಲ್ಲಬೇಕು ಎಂಬ ತರ್ಕದ ಮೇಲೆ ಫ್ಯೂಷನ್ ಶಸ್ತ್ರಚಿಕಿತ್ಸೆ ಬೆಳೆಯಿತು. 2001ರಲ್ಲಿ ಸ್ವೀಡನ್ನಿನ 19 ಆಸ್ಪತ್ರೆಗಳ 294 ರೋಗಿಗಳ ಫಲಿತಾಂಶ ಬಂದಾಗ ಸರ್ಜನ್‌ಗಳು ಹಿಗ್ಗಿದರು: ಫ್ಯೂಷನ್ ಆದವರಲ್ಲಿ ಶೇ. 63 ಮಂದಿ ಉತ್ತಮ ಎಂದರೆ, ಆಗದವರಲ್ಲಿ ಶೇ. 29. ಆದರೆ ಆಗದವರಿಗೆ ಸಿಕ್ಕದ್ದೇನು? ಎರಡು ವರ್ಷಕ್ಕೂ ಮಿಕ್ಕಿ ನರಳಿದ್ದ ಅವರಿಗೆ ಸಿಕ್ಕದ್ದು ಹೆಚ್ಚುಕಡಿಮೆ ಮೊದಲಿನ ಥರದ ಫಿಸಿಯೋಥೆರಪಿಯೇ. ಪಕ್ಕದ ನಾರ್ವೆಯಲ್ಲಿ ಬ್ರಾಕ್ಸ್ ಮತ್ತು ಸಂಗಡಿಗರು 2003ರಲ್ಲಿ ಬೇರೆ ರೀತಿ ಮಾಡಿದರು. ಫ್ಯೂಷನ್ ಆಗದ ಗುಂಪಿನವರನ್ನು ಕೂರಿಸಿಕೊಂಡು, ಬಗ್ಗಿದರೆ, ದಿನನಿತ್ಯದ ಕೆಲಸ ಮಾಡಿದರೆ ನಿಮ್ಮ ಡಿಸ್ಕ್ ಹಾಳಾಗುವುದಿಲ್ಲ ಎಂದು ವಿವರಿಸಿದರು. ಹೆದರಿ ಬಿಟ್ಟಿದ್ದ ಚಲನೆಗಳನ್ನೇ ವಾರಗಟ್ಟಲೆ ಮಾಡಿಸಿದರು. 64 ಜನರ ಆ ಪ್ರಯೋಗದಲ್ಲಿ ವರ್ಷದ ನಂತರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2005ರ ಬ್ರಿಟಿಷ್ ಪ್ರಯೋಗದಲ್ಲಿ 349 ಜನ: ತೊಂದರೆಯ ಅಂಕ ಫ್ಯೂಷನ್ ಆದವರಲ್ಲಿ 46.5ರಿಂದ 34ಕ್ಕೆ, ಕಟ್ಟುನಿಟ್ಟಾದ ವ್ಯಾಯಾಮ ತರಬೇತಿ ಪಡೆದವರಲ್ಲಿ 44.8ರಿಂದ 36.1ಕ್ಕೆ ಇಳಿಯಿತು. ಅಂತರ ತೀರ ಸಣ್ಣದು. ಆಪರೇಷನ್ ಎಷ್ಟು ಒಳ್ಳೆಯದು ಎಂಬುದಕ್ಕೆ ಉತ್ತರ, ಅದನ್ನು ಯಾವುದರ ಪಕ್ಕದಲ್ಲಿಟ್ಟು ತೂಗುತ್ತೇವೆ ಎಂಬುದರ ಮೇಲೆ ನಿಂತಿದೆ. ನಮ್ಮಲ್ಲಿ ಬೆನ್ನುನೋವಿಗೆ ಸಿಗುವ ವ್ಯಾಯಾಮ ಚಿಕಿತ್ಸೆ ಎಂದರೆ ಎಷ್ಟೋ ಕಡೆ ಹತ್ತು ನಿಮಿಷದ ಶಾಖ, ಒಂದು ಬೆಲ್ಟು, ಚಿತ್ರಗಳ ಒಂದು ಹಾಳೆ. ಅದು ಕೈಕೊಟ್ಟರೆ ವ್ಯಾಯಾಮವೇ ಕೈಕೊಟ್ಟಿತು ಎಂದು ತೀರ್ಮಾನಿಸುವುದು ಅನ್ಯಾಯ.

ಈ ತೊಂದರೆಯ ಅಂಕ ಎಲ್ಲಿಂದ ಬಂತು ಎಂದು ಹೇಳಬೇಕು. ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನ ಮೂಳೆ ಆಸ್ಪತ್ರೆಯಲ್ಲಿ ರೂಪುಗೊಂಡು 1980ರಲ್ಲಿ ಪ್ರಕಟವಾದ ಒಂದು ಪ್ರಶ್ನಾವಳಿ ಅದು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೆರೆಮಿ ಫೇರ್‌ಬ್ಯಾಂಕ್ ಅವರೇ ಮುಂದೆ ಮೇಲಿನ ಬ್ರಿಟಿಷ್ ಪ್ರಯೋಗ ನಡೆಸಿದರು. ನೋವಿನ ತೀವ್ರತೆ, ಸ್ನಾನ-ಬಟ್ಟೆ, ಭಾರ ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ನಾಲ್ಕು ಜನರ ಜೊತೆ ಬೆರೆಯುವುದು, ಪ್ರಯಾಣ: ಹತ್ತು ವಿಷಯಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಒಟ್ಟು ಐವತ್ತು, ಅದನ್ನು ನೂರಕ್ಕೆ ಏರಿಸುತ್ತಾರೆ. ಅಂಕ ಹೆಚ್ಚಿದಷ್ಟೂ ಬದುಕು ಕಷ್ಟ. ಎಕ್ಸ್‌ರೇಯಲ್ಲಿ ಸ್ಕ್ರೂ ನೇರವಾಗಿ ಕೂತಿದೆಯೇ ಎಂದು ನೋಡಿ ಯಶಸ್ಸು ಘೋಷಿಸುತ್ತಿದ್ದ ಕಾಲದಲ್ಲಿ, ರೋಗಿ ರಾತ್ರಿ ಮಲಗುತ್ತಾನೆಯೇ ಎಂದು ಕೇಳಿ ಯಶಸ್ಸನ್ನು ಅಳೆದದ್ದು ಸಣ್ಣ ಬದಲಾವಣೆಯಲ್ಲ. ಇಂದು ಸ್ವೀಡನ್ನಿನ ರಾಷ್ಟ್ರೀಯ ದಾಖಲೆಯಲ್ಲಿ ಬೆನ್ನಿನ ಆಪರೇಷನ್ ಆದವರನ್ನು ವರ್ಷಗಳ ನಂತರವೂ ಇಂಥ ಪ್ರಶ್ನೆಗಳಿಂದ ಮಾತಾಡಿಸುತ್ತಾರೆ.

ಆದರೂ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ನಮ್ಮ ಬದುಕು ಅದರಲ್ಲಿ ಪೂರ್ತಿ ಇಲ್ಲ ಎನಿಸುತ್ತದೆ. ಕೂರುವ ಪ್ರಶ್ನೆಯಲ್ಲಿ ಇರುವುದು ಕುರ್ಚಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಅಲ್ಲಿಲ್ಲ. ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂತು ಏಳುವುದು ಇಲ್ಲ. ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವ ಹೆಂಗಸಿಗೆ ಟೇಬಲ್ ಮೇಲಿಟ್ಟ ಭಾರ ಎತ್ತಬಲ್ಲೆಯಾ ಎಂದು ಕೇಳಿದರೆ ಏನು ಹೇಳಿಯಾಳು? ಫ್ಯೂಷನ್ ಆದ ಮೇಲೆ ಕುರ್ಚಿಯ ಅಂಕ ಸುಧಾರಿಸಿ, ನೆಲದ ಮೇಲೆ ಕೂರುವುದು ಕೈತಪ್ಪಿದರೆ ಅವಳ ಪಾಲಿಗೆ ಅದು ಗೆಲುವೇ? ನಮ್ಮ ಸಂಶೋಧಕರು ನಮ್ಮ ಪ್ರಶ್ನೆಗಳನ್ನು ಸೇರಿಸಿ ಅಳೆಯಬೇಕು. ಇದು ಅಷ್ಟೇನೂ ಖರ್ಚಿನ ಕೆಲಸವಲ್ಲ.

ವಯಸ್ಸಾದವರಲ್ಲಿ ನರನಾಳವೇ ಕಿರಿದಾಗಿ, ನಾಲ್ಕು ಹೆಜ್ಜೆ ನಡೆದರೆ ಕಾಲು ಸೋತು ಕೂರಬೇಕಾಗುವ ಸ್ಟೆನೋಸಿಸ್‌ಗೆ, ಒತ್ತುತ್ತಿರುವ ಮೂಳೆ ಕೆತ್ತಿ ಜಾಗ ಮಾಡಿಕೊಡುವ ಆಪರೇಷನ್ ಒಳ್ಳೆಯ ಫಲ ಕೊಡುತ್ತದೆ. ಅದರ ಜೊತೆ ಒಂದು ಮಣಿ ಸ್ವಲ್ಪ ಮುಂದೆ ಜಾರಿದ್ದರೆ ಸ್ಕ್ರೂ ಹಾಕಿ ಬೆಸೆಯಲೇಬೇಕು ಎಂದು ಬಹುಕಾಲ ನಂಬಿದ್ದರು. 2016ರಲ್ಲಿ ಸ್ವೀಡನ್ನಿನ 247 ಜನರ ಪ್ರಯೋಗದಲ್ಲಿ ಬೆಸೆದವರಿಗೂ ಬೆಸೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದು ಪ್ರಕಟವಾದ ವೈದ್ಯಕೀಯ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬಂದ 66 ಜನರ ಅಮೆರಿಕನ್ ಅಧ್ಯಯನ ಬೆಸೆಯುವುದರಿಂದ ತುಸು ಲಾಭ ಎಂದಿತು. 2021ರಲ್ಲಿ ನಾರ್ವೆಯ 267 ಜನರ ಪ್ರಯೋಗ ಮತ್ತೆ ಸ್ವೀಡನ್ನಿನ ಕಡೆಗೇ ವಾಲಿತು: ಗಣನೀಯ ಸುಧಾರಣೆ ಕಂಡವರು ಬೆಸೆಯದ ಗುಂಪಿನಲ್ಲಿ ಶೇ. 71.4, ಬೆಸೆದವರಲ್ಲಿ ಶೇ. 72.9. ಬೆಸೆಯುವ ಆಪರೇಷನ್ ಹೆಚ್ಚು ಹೊತ್ತಿನದು, ಹೆಚ್ಚು ಖರ್ಚಿನದು. ಸ್ಕ್ರೂ ಬೇಕು ಎಂದು ಹೇಳಿದ ವೈದ್ಯರಲ್ಲಿ ‘ನನಗೇಕೆ ಬೇಕು?’ ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ.

ಆಪರೇಷನ್ ಆಯಿತು ಎಂಬ ನಂಬಿಕೆಯೇ ನೋವನ್ನು ಎಷ್ಟು ಇಳಿಸಬಲ್ಲದು ಎಂಬುದಕ್ಕೆ ಬೆನ್ನಿನ ಸಂಶೋಧನೆಯಲ್ಲಿ ಒಂದು ಮರೆಯಲಾಗದ ಪ್ರಯೋಗವಿದೆ. ಮೂಳೆ ಟೊಳ್ಳಾದ ವೃದ್ಧರ ಬೆನ್ನುಮಣಿ ಕುಸಿದಾಗ, ಸೂಜಿಯ ಮೂಲಕ ಮೂಳೆಯ ಸಿಮೆಂಟ್ ತುಂಬುವ ಚಿಕಿತ್ಸೆ 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಮಂಚದ ಮೇಲೆ ನರಳುತ್ತಿದ್ದವರು ಎದ್ದು ನಡೆದರು. ಇಷ್ಟು ಕಣ್ಣಿಗೆ ಕಟ್ಟುವ ಫಲಕ್ಕೆ ಪರೀಕ್ಷೆ ಏಕೆ ಎಂದು ಹಲವರು ಕೇಳಿದರು. ಆದರೂ ಅಮೆರಿಕನ್ನರ ನೇತೃತ್ವದಲ್ಲಿ 131 ಜನರ ಮೇಲೆ, ಆಸ್ಟ್ರೇಲಿಯಾದಲ್ಲಿ 78 ಜನರ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಜನಕ್ಕೆ ನಿಜವಾದ ಸಿಮೆಂಟ್. ಉಳಿದವರನ್ನೂ ಅದೇ ಕೋಣೆಗೆ ಕರೆದೊಯ್ದು, ಅದೇ ಟೇಬಲ್ ಮೇಲೆ ಬೋರಲು ಮಲಗಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬೆನ್ನನ್ನು ಒತ್ತಿ, ಸಿಮೆಂಟ್ ಡಬ್ಬಿಯ ಮುಚ್ಚಳ ತೆರೆದರು. ಆ ದ್ರಾವಣಕ್ಕೆ ಮೂಗಿಗೆ ಬಡಿಯುವ ಘಾಟು. ಕೋಣೆಯೆಲ್ಲ ಆ ವಾಸನೆ ಹರಡಿತು; ರೋಗಿಗೆ ಸಿಮೆಂಟ್ ಹಾಕುತ್ತಿದ್ದಾರೆ ಎನಿಸಿತು; ಹಾಕಲಿಲ್ಲ. ಇದಕ್ಕೆ ಮೊದಲೇ ಅವರೆಲ್ಲ ತಿಳಿದು ಒಪ್ಪಿಗೆ ಕೊಟ್ಟಿದ್ದರು. 2009ರಲ್ಲಿ ಎರಡೂ ಫಲಿತಾಂಶಗಳು ಒಟ್ಟಿಗೇ ಪ್ರಕಟವಾದವು: ಎರಡು ಗುಂಪಿನ ನೋವೂ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. 2016ರಲ್ಲಿ ಆರು ವಾರದೊಳಗಿನ ಹೊಸ ಮುರಿತಗಳ ಮೇಲೆ ನಡೆದ ಇನ್ನೊಂದು ಪ್ರಯೋಗ ಸಿಮೆಂಟಿನ ಪರ ಬಂತು, 2018ರ ಮತ್ತೊಂದು ಅದರ ವಿರುದ್ಧ ಬಂತು. ವಾದ ನಡೆದಿದೆ. ಸಿಮೆಂಟ್ ಹಾಕಿಸಿಕೊಂಡು ಸುಧಾರಿಸಿದ ಅಜ್ಜಿಯ ನೋವೂ ನಿಜ, ಅವಳ ನೆಮ್ಮದಿಯೂ ನಿಜ; ಅದನ್ನು ತಂದದ್ದು ಸಿಮೆಂಟೇ ಎಂದು ಹೇಳಲು ಮಾತ್ರ ಹೋಲಿಕೆ ಬೇಕು.

ನಮ್ಮ ನೆರೆಯ ಮದ್ರಾಸಿನಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ಹೇಳದಿದ್ದರೆ ಈ ಅಧ್ಯಾಯ ಅಪೂರ್ಣ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದ ಹಳೆಯ ಶಾಪ. ಮಣಿಗಳು ಕೊಳೆತು ಕುಸಿಯುತ್ತವೆ, ಬೆನ್ನು ಗೂನಾಗುತ್ತದೆ, ಬೆನ್ನುಹುರಿ ಒತ್ತಿ ಕಾಲಿನ ಸ್ವಾಧೀನ ತಪ್ಪಬಹುದು. ಹಾಂಗ್‌ಕಾಂಗ್‌ನ ಹಾಡ್ಗ್‌ಸನ್ ಮತ್ತು ಸ್ಟಾಕ್ 1956ರಲ್ಲಿ ಎದೆಯ ಕಡೆಯಿಂದ ಹೋಗಿ ಕೊಳೆತ ಮೂಳೆಯನ್ನೆಲ್ಲ ತೆಗೆದು ಹೊಸ ಮೂಳೆ ಕೂರಿಸುವ ದೊಡ್ಡ ಆಪರೇಷನ್ ತೋರಿಸಿಕೊಟ್ಟರು. ಆದರೆ ಅಷ್ಟು ನುರಿತ ಸರ್ಜನ್‌ಗಳನ್ನು, ಅಷ್ಟು ಸೌಕರ್ಯವನ್ನು ಭಾರತದ ಸಾವಿರಾರು ಬಡರೋಗಿಗಳಿಗೆ ಎಲ್ಲಿಂದ ತರುವುದು? ಮದ್ರಾಸಿನ ಸಂಶೋಧಕರು, ಕಾಲಿನ ಸ್ವಾಧೀನ ತೀರಾ ತಪ್ಪಿರದ 304 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆ ದೊಡ್ಡ ಆಪರೇಷನ್ ಜೊತೆಗೆ ಆರು ತಿಂಗಳ ರಿಫಾಂಪಿಸಿನ್, ಐಸೊನಿಯಾಜಿಡ್ ಮಾತ್ರೆ. ಉಳಿದೆರಡಕ್ಕೆ ಆಪರೇಷನ್ ಇಲ್ಲ, ಹಾಸಿಗೆಯ ವಿಶ್ರಾಂತಿಯೂ ಇಲ್ಲ. ಓಡಾಡಿಕೊಂಡೇ ಆರು ಅಥವಾ ಒಂಬತ್ತು ತಿಂಗಳು ಅದೇ ಮಾತ್ರೆ. ಹತ್ತು ವರ್ಷಗಳ ನಂತರ ಒಳ್ಳೆಯ ಸ್ಥಿತಿಯಲ್ಲಿದ್ದವರು: ಆಪರೇಷನ್ ಗುಂಪಿನಲ್ಲಿ ಶೇ. 90, ಆರು ತಿಂಗಳ ಮಾತ್ರೆಯವರಲ್ಲಿ ಶೇ. 94, ಒಂಬತ್ತು ತಿಂಗಳಿನವರಲ್ಲಿ ಶೇ. 99.

ಈ ಫಲಿತಾಂಶ ಎಷ್ಟು ಜನರನ್ನು ಚಾಕುವಿನಿಂದ ಉಳಿಸಿತೋ ಲೆಕ್ಕವಿಟ್ಟವರಿಲ್ಲ. ಆದರೆ ಆ ಸಂಶೋಧಕರು ಗೆದ್ದೆವೆಂದು ಅಲ್ಲಿಗೇ ನಿಲ್ಲಿಸಲಿಲ್ಲ. 15 ವರ್ಷದೊಳಗಿನ ಮಕ್ಕಳಲ್ಲಿ, ಚಿಕಿತ್ಸೆ ಶುರುವಾದಾಗಲೇ ಗೂನಿನ ಕೋನ 30 ಡಿಗ್ರಿ ದಾಟಿದ್ದರೆ ಕ್ಷಯ ವಾಸಿಯಾದ ಮೇಲೂ ಗೂನು ಬೆಳೆಯುತ್ತ ಹೋಗುವುದನ್ನು ಅವರೇ ಗುರುತಿಸಿ ಬರೆದರು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಅಂಥ ಮಕ್ಕಳನ್ನು ಹದಿನೈದು ವರ್ಷ ಗಮನಿಸಿ, ಯಾವ ಮಗುವಿನ ಬೆನ್ನು ಮುಂದೆ ಬಾಗಲಿದೆ ಎಂದು ಮೊದಲೇ ಹೇಳಬಲ್ಲ ನಾಲ್ಕು ಗುರುತುಗಳನ್ನು ಎಕ್ಸ್‌ರೇಯಲ್ಲಿ ಕಂಡುಹಿಡಿದರು. ಆ ಮಕ್ಕಳಿಗೆ ಆಪರೇಷನ್ ಬೇಕು, ಬೇಗ ಬೇಕು. ಉಳಿದವರಿಗೆ ಮಾತ್ರೆ ಸಾಕು. ಬೆನ್ನಿನ ಸಂಶೋಧನೆ ಎಂದರೆ ನನಗೆ ಮೊದಲು ನೆನಪಾಗುವುದು ಈ ಕೆಲಸ. ಇದರಲ್ಲಿ ಆಪರೇಷನ್ನಿನ ಮೋಹವೂ ಇಲ್ಲ, ದ್ವೇಷವೂ ಇಲ್ಲ.

ಕೊನೆಗೆ, ಕಾಯಬಾರದ ಕಾಯಿಲೆಗಳು. ಇಷ್ಟು ಹೊತ್ತು ಕಾಯಬಹುದು ಎಂದು ಬರೆದ ಮೇಲೆ ಇದನ್ನು ಒತ್ತಿ ಹೇಳುವುದು ನನ್ನ ಹೊಣೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತಿದ 101 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಬರಿ ವಿಕಿರಣ ಪಡೆದವರಲ್ಲಿ ಚಿಕಿತ್ಸೆಯ ನಂತರ ಶೇ. 57 ಮಂದಿ ನಡೆಯಬಲ್ಲವರಾಗಿದ್ದರೆ, ಮೊದಲು ಆಪರೇಷನ್ ಮಾಡಿ ಆಮೇಲೆ ವಿಕಿರಣ ಕೊಟ್ಟವರಲ್ಲಿ ಶೇ. 84. ನಡೆಯುವ ಶಕ್ತಿ ಉಳಿದ ಅವಧಿಯ ಮಧ್ಯಾಂಕ ಮೊದಲನೆಯವರಲ್ಲಿ 13 ದಿನ, ಎರಡನೆಯವರಲ್ಲಿ 122 ದಿನ. ಅಂತರ ಇಷ್ಟು ದೊಡ್ಡದೆಂದು ಕಂಡಾಗ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಅಪಘಾತದಲ್ಲಿ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ 313 ಜನರ 2012ರ ಅಧ್ಯಯನ ಚೀಟಿ ಎತ್ತಿ ಮಾಡಿದ್ದಲ್ಲ, ಆದರೂ ಅದರ ಸೂಚನೆ ಸ್ಪಷ್ಟ: 24 ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಹೆಚ್ಚಿನ ಚೇತರಿಕೆ ಕಂಡವರು ಶೇ. 19.8, ತಡವಾದವರಲ್ಲಿ ಶೇ. 8.8.

ಡಿಸ್ಕ್ ಜಾರಿದವರಲ್ಲೂ ಬಹಳ ಅಪರೂಪಕ್ಕೆ ದೊಡ್ಡ ತುಣುಕೊಂದು ನಡುವಿಗೆ ಬಿದ್ದು, ಮೂತ್ರ ಮತ್ತು ಮಲದ ಹಿಡಿತ ನೋಡಿಕೊಳ್ಳುವ ನರಗಳ ಗೊಂಚಲನ್ನೇ ಅದುಮಿಬಿಡುತ್ತದೆ. ಇದರ ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಬೆನ್ನುನೋವಿರುವವರಿಗೆ ತೊಡೆಸಂದು, ಗುದದ್ವಾರದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋದರೆ, ಎರಡೂ ಕಾಲು ಸೋಲತೊಡಗಿದರೆ, ನಾಚಿಕೆಪಡದೆ ಹೇಳಿ. ಬೆಳಗಾಗಲಿ, ನಾಳೆ ನಮ್ಮ ಡಾಕ್ಟರು ಬರಲಿ ಎನ್ನಬೇಡಿ. ಆ ರಾತ್ರಿಯೇ ಎಂಆರ್‌ಐ ಮತ್ತು ಬೆನ್ನಿನ ಸರ್ಜನ್ ಎರಡೂ ಸಿಗುವ ಆಸ್ಪತ್ರೆಗೆ ಹೊರಡಿ.